ಕ್ನೋಸಸ್‌ನ ಕೆಂಪು ಕಂಬಗಳು

ಅಭ್ಯಾಸ ಬೋಧನೆಯ ಎರಡನೇ ವಾರ. ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ ಎಂಟನೇ ತರಗತಿಯ ಒಂದು ಅವಧಿ ನನಗೆ ಬಂತು. ವಿಜ್ಞಾನದವಳಾದ ನಾನು ಕ್ರೀಟ್ ದ್ವೀಪದ ಕ್ನೋಸಸ್ ಅರಮನೆಯ ಚಿತ್ರ ತೋರಿಸಿ, ಇದು ಮೂರೂವರೆ ಸಾವಿರ ವರ್ಷ ಹಳೆಯದೆಂದು ಹೇಳಿಬಿಟ್ಟೆ. ಅಷ್ಟು ಹಳೆಯ ಕಂಬಗಳ ಕೆಂಪು ಬಣ್ಣ ಮಾಸಿಲ್ಲವೇಕೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಹುಡುಕಿದಾಗ ಎದುರಾದದ್ದು ಆರ್ಥರ್ ಇವಾನ್ಸ್ ಅವರ ಬದುಕು.

ಇವಾನ್ಸ್ 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ತಂದೆ ಕಾಗದ ಕಾರ್ಖಾನೆಯ ಸಿರಿವಂತರು. 1884ರಿಂದ ಇವಾನ್ಸ್ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ವಸ್ತುಸಂಗ್ರಹಾಲಯ ನೋಡಿಕೊಂಡರು. ಅವರಿಗೆ ತೀವ್ರ ಸಮೀಪದೃಷ್ಟಿ. ದೂರದ್ದೆಲ್ಲ ಮಸುಕು, ಕಣ್ಣ ಹತ್ತಿರ ಹಿಡಿದ ಮುದ್ರೆಕಲ್ಲಿನ ಸಣ್ಣ ಗೆರೆ ಮಾತ್ರ ಸ್ಪಷ್ಟ. ಆ ಗೆರೆಗಳು ಲಿಪಿಯಿರಬಹುದೆಂಬ ಕುತೂಹಲವೇ 1894ರಲ್ಲಿ ಅವರನ್ನು ಕ್ರೀಟ್‌ಗೆ ಕರೆದೊಯ್ದಿತು. ಅಲ್ಲಿ 1878ರಲ್ಲೇ ಮಿನೋಸ್ ಕಲೋಕೈರಿನೋಸ್ ಎಂಬ ಸ್ಥಳೀಯರು ಅಗೆದು ದೊಡ್ಡ ಹರವಿಗಳನ್ನು ಕಂಡಿದ್ದರು. (ಅವರ ಹೆಸರನ್ನು ನನ್ನ ಪಾಠಯೋಜನೆಯಲ್ಲೂ ಬರೆದಿರಲಿಲ್ಲ.) ಇವಾನ್ಸ್ ಜಮೀನನ್ನೇ ಕೊಂಡು 1900ರ ಮಾರ್ಚ್‌ನಲ್ಲಿ ಉತ್ಖನನ ಆರಂಭಿಸಿದರು. ಬರಹವಿದ್ದ ಜೇಡಿಮಣ್ಣಿನ ಫಲಕಗಳು, ಸಿಂಹಾಸನದ ಕೊಠಡಿ ಸಿಕ್ಕವು. ಪುರಾಣದ ರಾಜ ಮಿನೋಸ್‌ನಿಂದ ಮಿನೋವನ್ ಎಂಬ ಹೆಸರನ್ನು ರೂಢಿಗೆ ತಂದವರು ಅವರೇ.

ಮೂಲ ಕಂಬಗಳು ಮರದವು, ಉಳಿದಿರಲಿಲ್ಲ. ಅಗೆದ ಕಟ್ಟಡ ಕುಸಿಯದಂತೆ ಇವಾನ್ಸ್ ಮೊದಲು ಮರದ ಆಸರೆ ಕೊಟ್ಟರು, ಅದು ಕೊಳೆಯಿತು. 1920ರ ದಶಕದಲ್ಲಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಬಳಸಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ನನಗೆ ತಕರಾರಿರಲಿಲ್ಲ. ಸಿಕ್ಕಿದ್ದರ ಮೇಲೆ ಊಹಿಸಿದ್ದನ್ನೂ ಕಟ್ಟಿ, ಎರಡಕ್ಕೂ ಬಣ್ಣ ಬಳಿಸಿದರು. ಭಿತ್ತಿಚಿತ್ರಗಳ ಚೂರುಗಳಿಗೂ ಅದೇ ಗತಿ. ಕೇಸರಿ ಹೂ ಕೀಳುವ ನೀಲಿ ಹುಡುಗನೆಂದು ಪೂರ್ತಿಗೊಳಿಸಿದ ಚಿತ್ರ ನಿಜಕ್ಕೂ ಮಂಗನದೆಂದು ಆಮೇಲೆ ತಿಳಿಯಿತು.

1936ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ 85ರ ಇವಾನ್ಸ್ ಅವರನ್ನು 14ರ ಶಾಲಾ ಹುಡುಗ ಮೈಕೆಲ್ ವೆಂಟ್ರಿಸ್ ಭೇಟಿಯಾದ. ಕ್ನೋಸಸ್‌ನಲ್ಲಿ ಗ್ರೀಕರು ಆಳಿದ್ದರೆಂಬುದನ್ನು ಇವಾನ್ಸ್ ಕೊನೆಯವರೆಗೂ ಒಪ್ಪಲಿಲ್ಲ, 1941ರಲ್ಲಿ ತೀರಿಕೊಂಡರು. 1952ರಲ್ಲಿ ಅದೇ ವೆಂಟ್ರಿಸ್, ಲೀನಿಯರ್ ಬಿ ಫಲಕಗಳ ಭಾಷೆ ಗ್ರೀಕ್ ಎಂದು ತೋರಿಸಿದರು. ಅದಕ್ಕೂ ಹಳೆಯದಾದ ಲೀನಿಯರ್ ಎ ಇಂದಿಗೂ ಓದಲಾಗಿಲ್ಲ.

ಮುಂದಿನ ವಾರ ಅದೇ ತರಗತಿಯಲ್ಲಿ ಹತ್ತು ನಿಮಿಷ ಕೇಳಿ ಪಡೆದೆ. ಬೋರ್ಡಿನ ಮೇಲೆ ಅರಮನೆಯ ದ್ವಾರ ಬರೆದು, ಮಣ್ಣಿನಡಿ ಸಿಕ್ಕಿದ್ದಕ್ಕೆ ಪೂರ್ಣ ಗೆರೆ, ಇವಾನ್ಸ್ ಸೇರಿಸಿದ್ದಕ್ಕೆ ಚುಕ್ಕೆಗೆರೆ ಹಾಕಿದೆ. ಕೆಂಪು ಕಂಬದ ಸರದಿ ಬಂದಾಗ ಸೀಮೆಸುಣ್ಣವನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಅವಳು ಚುಕ್ಕೆ ಇಟ್ಟಳು.