ನಾಸ್ಟ್ರಡಾಮಸ್: ರಾಣಿ ನಂಬಿದ ಭವಿಷ್ಯಕಾರ

ಜಗತ್ತಿನಲ್ಲಿ ಎಲ್ಲಿಯೇ ದುರಂತ ಸಂಭವಿಸಲಿ, ಅದನ್ನು ನಾಸ್ಟ್ರಡಾಮಸ್ ಮೊದಲೇ ಹೇಳಿದ್ದನೆಂಬ ಸುದ್ದಿ ಹಿಂದೆಯೇ ಬರುತ್ತದೆ. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದಾಗ ಇ-ಮೇಲ್‌ಗಳಲ್ಲಿ ಹರಿದಾಡಿದ ಪದ್ಯವಂತೂ ಆತನದೇ ಅಲ್ಲ. ಅಸ್ಪಷ್ಟ ಭವಿಷ್ಯವಾಣಿಯನ್ನು ಯಾರು ಬೇಕಾದರೂ ಬರೆಯಬಹುದೆಂದು ತೋರಿಸಲು ಕೆನಡಾದ ವಿದ್ಯಾರ್ಥಿಯೊಬ್ಬ ಅದನ್ನು ಕೆಲವು ವರ್ಷಗಳ ಮೊದಲು ರಚಿಸಿದ್ದ.

ಮಿಶೆಲ್ ದ ನೋಸ್ಟ್ರೆಡಾಮ್ ಜನಿಸಿದ್ದು 1503ರಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿಯಲ್ಲಿ. ಕ್ರೈಸ್ತ ಮತಕ್ಕೆ ಸೇರಿದ್ದ ಯಹೂದಿ ಮೂಲದ ಕುಟುಂಬ. ಔಷಧ ತಯಾರಿಕೆ ಆತನ ಕಸುಬು. ಮೊದಲ ಪತ್ನಿಯೂ ಇಬ್ಬರು ಮಕ್ಕಳೂ ಸಾಂಕ್ರಾಮಿಕ ರೋಗಕ್ಕೆ, ಬಹುಶಃ ಪ್ಲೇಗಿಗೆ, ಬಲಿಯಾದರು. 1546ರಲ್ಲಿ ಎಕ್ಸ್ ನಗರದಲ್ಲಿ ಪ್ಲೇಗು ಹಬ್ಬಿದಾಗ ಆತ ರೋಗಿಗಳ ನಡುವೆ ದುಡಿದ. ರಕ್ತ ತೆಗೆಯುವ ಅಂದಿನ ಚಿಕಿತ್ಸೆಯಿಂದ ಪ್ರಯೋಜನವಾಗಲಿಲ್ಲವೆಂದು ಮುಂದೆ ಆತನೇ ಬರೆದಿಟ್ಟ. ಇಂಥ ಪ್ರಾಂಜಲತೆ ಆತನ ಭವಿಷ್ಯಗ್ರಂಥದಲ್ಲಿ ಸಿಗದು.

ಮರುವರ್ಷ ಸಲೋನ್ ಪಟ್ಟಣದ ಶ್ರೀಮಂತ ವಿಧವೆಯನ್ನು ವರಿಸಿ ಅಲ್ಲಿಯೇ ನೆಲೆಸಿದ. 1550ರ ಪಂಚಾಂಗ ಚೆನ್ನಾಗಿ ಮಾರಾಟವಾಯಿತು. ಬಳಿಕ ವರ್ಷವರ್ಷವೂ ಪಂಚಾಂಗ ಬಂತು. ಜಾತಕ ಕೇಳಿಕೊಂಡು ಗಣ್ಯರೂ ಬಂದರು. ಆತನ ಗಣಿತದಲ್ಲಿ ದೋಷಗಳಿವೆ ಎಂದು ಸಮಕಾಲೀನ ಜ್ಯೋತಿಷಿಗಳೇ ಆಕ್ಷೇಪಿಸಿದ್ದರು. 1555ರಲ್ಲಿ ಲಿಯೋನಿನಲ್ಲಿ ಅಚ್ಚಾದ ಭವಿಷ್ಯಗ್ರಂಥದಲ್ಲಿ ನಾಲ್ಕು ಸಾಲಿನ 353 ಪದ್ಯಗಳಿದ್ದವು. ನಂತರ ಅವು 942ಕ್ಕೆ ಬೆಳೆದವು. ಲ್ಯಾಟಿನ್, ಗ್ರೀಕ್ ಬೆರೆತ ಫ್ರೆಂಚ್. ಕಾಲಾನುಕ್ರಮವಿಲ್ಲ, ಇಸವಿಗಳು ತೀರಾ ವಿರಳ. ಯಾವ ಘಟನೆಗೆ ಬೇಕಾದರೂ ಹೊಂದಿಸಿಕೊಳ್ಳಲು ಇಷ್ಟು ಸಾಕಲ್ಲವೇ?

1559ರಲ್ಲಿ ದೊರೆ ಎರಡನೆಯ ಹೆನ್ರಿ ಈಟಿಕಾಳಗದಲ್ಲಿ ಗಾಯಗೊಂಡು ಮೃತಪಟ್ಟ. ಆತನ ಸಾವನ್ನು ಮೊದಲೇ ಸಾರಿತ್ತೆಂದು ಇಂದು ಎಲ್ಲರೂ ಉದಾಹರಿಸುವ ಪದ್ಯವನ್ನು ಆ ಘಟನೆಗೆ ಗಂಟುಹಾಕಿದ್ದು ದಶಕಗಳ ನಂತರ.

ಸ್ಪಷ್ಟವಾಗಿ ನುಡಿದ ಭವಿಷ್ಯದ ಕಥೆ ಬೇರೆಯೇ. 1564ರಲ್ಲಿ ರಾಜಮಾತೆ ಕ್ಯಾಥರೀನ್ ದ ಮೆಡಿಚಿ, ಹದಿಹರೆಯದ ದೊರೆ ಒಂಬತ್ತನೆಯ ಚಾರ್ಲ್ಸ್‌ನೊಂದಿಗೆ ಸಲೋನಿಗೆ ಬಂದಳು. ಸೇನಾಧಿಪತಿ ಮಾಂಟ್‌ಮೊರೆನ್ಸಿ 90 ವರ್ಷ ಬಾಳುವನೆಂದೂ ದೊರೆಯ ಆಯುಸ್ಸೂ ಅಷ್ಟೇ ದೀರ್ಘವೆಂದೂ ನಾಸ್ಟ್ರಡಾಮಸ್ ಭರವಸೆಯಿತ್ತ. ಹರ್ಷಗೊಂಡ ರಾಣಿ ಅದನ್ನು ಸೇನಾಧಿಪತಿಗೆ ಪತ್ರದಲ್ಲಿ ತಿಳಿಸಿದಳು. ಆತನಿಗೆ ರಾಜವೈದ್ಯ ಪದವಿಯೂ ದೊರೆಯಿತು.

ಕೀಲುವಾತದಿಂದ ನರಳುತ್ತಿದ್ದ ನಾಸ್ಟ್ರಡಾಮಸ್ 1566ರ ಜುಲೈ 2ರಂದು ನಿಧನನಾದ. ಮರುವರ್ಷ ಮಾಂಟ್‌ಮೊರೆನ್ಸಿ 74ನೇ ವಯಸ್ಸಿನಲ್ಲಿ ಯುದ್ಧದ ಗಾಯಗಳಿಂದ ತೀರಿಕೊಂಡ. 1574ರಲ್ಲಿ ಚಾರ್ಲ್ಸ್ ಕೊನೆಯುಸಿರೆಳೆದಾಗ ಆತನಿಗೆ 24 ತುಂಬಿರಲಿಲ್ಲ.