ಮೇದಕ್‌ನ ಪಾಸ್ನೆಟ್: ಬರಗಾಲದಲ್ಲಿ ಎದ್ದುನಿಂತ ಆಲಯ

ಹೈದರಾಬಾದಿನ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಮೇದಕ್ ಎಂಬ ಊರಿದೆ. ಕಾಕತೀಯರ ಕಾಲದ ಕೋಟೆಯೊಂದು ಅಲ್ಲಿನ ಗುಡ್ಡದ ಮೇಲಿದೆ. ತೆಲುಗಿನಲ್ಲಿ ಮೆತುಕು ಎಂದರೆ ಬೆಂದ ಅನ್ನದ ಅಗುಳು. ಆ ಕೋಟೆಗೆ ಮೆತುಕುದುರ್ಗವೆಂಬ ಹೆಸರಿತ್ತೆಂದೂ ಊರಿನ ಹೆಸರು ಅದರಿಂದಲೇ ಬಂದಿತೆಂದೂ ಸ್ಥಳೀಯರು ನಂಬುತ್ತಾರೆ. ಅನ್ನದ ಅಗುಳಿನ ಹೆಸರನ್ನು ಹೊತ್ತ ಈ ಊರಿನಲ್ಲಿ, ಅನ್ನವೇ ದುರ್ಲಭವಾಗಿದ್ದ ದಿನಗಳಲ್ಲಿ, 5,000 ಜನ ಒಟ್ಟಾಗಿ ಕೂರಬಹುದಾದ ಕಲ್ಲಿನ ಆಲಯವೊಂದು ಮೇಲೆದ್ದಿತು. ಅದನ್ನು ಕಟ್ಟಿಸಿದವರು ಚಾರ್ಲ್ಸ್ ವಾಕರ್ ಪಾಸ್ನೆಟ್. ಇಂದು ಆ ಆಲಯವನ್ನು ನೋಡಲು ಬರುವವರು ಅಸಂಖ್ಯ. ಆದರೆ ಅದು ಏಕೆ ಕಟ್ಟಲ್ಪಟ್ಟಿತು, ಅದನ್ನು ಕಟ್ಟಿದ ಕೈಗಳು ಯಾರವು ಎಂಬುದನ್ನು ತಿಳಿಯದೆ ಪಾಸ್ನೆಟ್ಟರ ಬದುಕಿನ ಅರ್ಥ ಸ್ಪಷ್ಟವಾಗುವುದಿಲ್ಲ.

ಪಾಸ್ನೆಟ್ಟರು ಸೇರಿದ್ದ ಮೆಥಡಿಸ್ಟ್ ಪಂಥದ ಹುಟ್ಟನ್ನು ಇಲ್ಲಿ ಸ್ಮರಿಸುವುದು ಅಗತ್ಯ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ (1703–1791) ಆರಂಭಿಸಿದ ಧಾರ್ಮಿಕ ಆಂದೋಲನವಿದು. ಆಕ್ಸ್‌ಫರ್ಡಿನಲ್ಲಿ ಪ್ರಾರ್ಥನೆ, ಅಧ್ಯಯನ, ಸೆರೆಮನೆಗಳ ಭೇಟಿ ಮೊದಲಾದವನ್ನು ಕಟ್ಟುನಿಟ್ಟಾದ ಕ್ರಮದಲ್ಲಿ ಆಚರಿಸುತ್ತಿದ್ದ ಯುವಕರ ಸಣ್ಣ ಗುಂಪನ್ನು ಜೊತೆಯವರು ಮೆಥಡಿಸ್ಟರೆಂದು ಹಾಸ್ಯ ಮಾಡಿದರು; ಹಾಸ್ಯದ ಹೆಸರೇ ಮುಂದೆ ಪಂಥದ ಹೆಸರಾಯಿತು. 1739ರಲ್ಲಿ ವೆಸ್ಲಿ ಬ್ರಿಸ್ಟಲ್ ಪರಿಸರದಲ್ಲಿ, ಗಣಿಕಾರ್ಮಿಕರನ್ನೂ ಬಡವರನ್ನೂ ಉದ್ದೇಶಿಸಿ, ಬಯಲಿನಲ್ಲಿ ನಿಂತು ಬೋಧಿಸತೊಡಗಿದರು. ದೀಕ್ಷೆ ಪಡೆದ ಪಾದ್ರಿಗಳಲ್ಲದ ಸಾಮಾನ್ಯರೂ ಬೋಧಕರಾಗಬಹುದೆಂಬ ತತ್ತ್ವ, ಸಣ್ಣ ಸಣ್ಣ ಗುಂಪುಗಳಲ್ಲಿ ಸೇರಿ ಪರಸ್ಪರರ ಬದುಕನ್ನು ತಿದ್ದಿಕೊಳ್ಳುವ ಪದ್ಧತಿ, ಇವು ಈ ಪಂಥದ ಜೀವಾಳ. ಬಯಲಿನಲ್ಲಿ ಹುಟ್ಟಿದ ಆಂದೋಲನದ ಅನುಯಾಯಿಯೊಬ್ಬರು ಬೃಹತ್ತಾದ ಆಲಯವನ್ನು ಕಟ್ಟಿಸಿದರೆಂಬುದು ಮೇಲ್ನೋಟಕ್ಕೆ ವಿರೋಧಾಭಾಸದಂತೆ ತೋರುತ್ತದೆ.

ವೆಸ್ಲಿಯನ್ ಮಿಷನ್ನಿನ ಕಾರ್ಯ ಕನ್ನಡ ನಾಡಿಗೂ ಅಪರಿಚಿತವಲ್ಲ. ಗುಬ್ಬಿಯಲ್ಲಿ 1837ರಲ್ಲಿ ನೆಲೆಯೂರಿದ ಥಾಮಸ್ ಹಾಡ್ಸನ್ ಮುಂದೆ ಕನ್ನಡ ವ್ಯಾಕರಣವೊಂದನ್ನು ರಚಿಸಿದರು. ಮೈಸೂರಿನಲ್ಲಿ ಇದೇ ಮಿಷನ್ನಿನ ಮುದ್ರಣಾಲಯ ಮತ್ತು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಹೆಸರಾಗಿವೆ. ನಿಜಾಮರ ರಾಜ್ಯದಲ್ಲಿ ಮಾತ್ರ ಮಿಷನ್ನಿನ ಕೆಲಸ ತಡವಾಗಿ, 1870ರ ದಶಕದ ಕೊನೆಗೆ, ವಿಲಿಯಂ ಬರ್ಜೆಸ್ ಅವರ ನೇತೃತ್ವದಲ್ಲಿ ಸಿಕಂದರಾಬಾದಿನಿಂದ ಆರಂಭವಾಯಿತು.

ಪಾಸ್ನೆಟ್ಟರು 1870ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಗುರುದೀಕ್ಷೆ ಪಡೆದು 1895ರಲ್ಲಿ ಸಿಕಂದರಾಬಾದಿಗೆ ಬಂದಾಗ ಅವರಿಗೆ 25ರ ಹರೆಯ. ತಿರುಮಲಗಿರಿಯ ದಂಡಿನಲ್ಲಿದ್ದ ಬ್ರಿಟಿಷ್ ಸೈನಿಕರ ನಡುವೆ ಉಪದೇಶ ಮಾಡುವುದು ಅವರಿಗೆ ಒಪ್ಪಿಸಲಾದ ಮೊದಲ ಕೆಲಸ. ತಮ್ಮದೇ ದೇಶದವರು, ತಮ್ಮದೇ ಭಾಷೆಯವರು, ಕಷ್ಟವೇನೂ ಇರಲಿಲ್ಲ. ಆದರೆ ಆ ಸುಲಭದ ಕೆಲಸದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ದಂಡಿನ ಬೇಲಿಯಾಚೆಗಿದ್ದ ಹಳ್ಳಿಗಳತ್ತ ಅವರು ಹೊರಟರು. ಮುಂದೆ ಮೇದಕ್‌ಗೆ ಬಂದು ನೆಲೆಸಿದರು. ಆಗ ಆ ಊರಿಗೆ ರೈಲುಮಾರ್ಗವಿರಲಿಲ್ಲ. ಸುತ್ತಲ ಪ್ರದೇಶದಲ್ಲಿ ಕ್ರೈಸ್ತರು ತೀರ ಕಡಮೆ. ಪ್ರಾರ್ಥನೆಗೆ ಇದ್ದ ಸ್ಥಳವೂ ಚಿಕ್ಕದು. ತೆಲುಗನ್ನು ಕಲಿತು, ಆ ಭಾಷೆಯಲ್ಲಿಯೇ ಬೋಧಿಸುತ್ತ ಅವರು ಕಳೆದದ್ದು ಬದುಕಿನ ಮುಂದಿನ 40ಕ್ಕೂ ಹೆಚ್ಚು ವರ್ಷಗಳನ್ನು.

ಮೇದಕ್‌ನ ಕಾರ್ಯವನ್ನು ಪಾಸ್ನೆಟ್ಟರೊಬ್ಬರ ಸಾಧನೆಯೆಂದು ಹೇಳುವುದು ತಪ್ಪಾಗುತ್ತದೆ. ಅವರ ಸಹೋದರಿ ಎಮಿಲಿ ಪಾಸ್ನೆಟ್ ಮತ್ತು ಆಕೆಯ ಸಂಗಾತಿ ಹ್ಯಾರಿಸ್ ಇಬ್ಬರೂ ಅಲ್ಲಿನ ಹೆಂಗಸರು ಮತ್ತು ಮಕ್ಕಳ ನಡುವೆ ದುಡಿದರು. ಹೆಂಗಸರು ಪುರುಷ ವೈದ್ಯರ ಮುಂದೆ ಬರಲು ಹಿಂಜರಿಯುತ್ತಿದ್ದ, ಹೆರಿಗೆಯೆಂದರೆ ಜೀವನ್ಮರಣದ ಪ್ರಶ್ನೆಯಾಗಿದ್ದ ಆ ಕಾಲದಲ್ಲಿ ಸ್ತ್ರೀಯರೇ ನಡೆಸುವ ಶುಶ್ರೂಷೆಯ ಬೆಲೆ ಎಷ್ಟೆಂಬುದನ್ನು ಊಹಿಸಬಹುದು. ಮೇದಕ್‌ನ ಮಿಷನ್ ಆಸ್ಪತ್ರೆ ಹೀಗೆ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಯಾಗಿಯೇ ಬೆಳೆಯಿತು.

ಪಾಸ್ನೆಟ್ಟರ ದೃಷ್ಟಿಯಲ್ಲಿ ಆಸ್ಪತ್ರೆಯಷ್ಟೇ ಮಹತ್ವದ್ದು ಹಳ್ಳಿಯ ಉಪದೇಶಕರ ತರಬೇತಿ. ನೂರಾರು ಹಳ್ಳಿಗಳಿಗೆ ವಿದೇಶೀಯನೊಬ್ಬ ಸುತ್ತಿ ಬರಬಹುದೇ ಹೊರತು ಅಲ್ಲಿ ಬಾಳಲಾರ. ಆದ್ದರಿಂದ ಆಯಾ ಸಮುದಾಯದ ಯುವಕರನ್ನು ಮೇದಕ್‌ಗೆ ಕರೆತಂದು, ಓದುಬರೆಹ ಕಲಿಸಿ, ಬೋಧಕರನ್ನಾಗಿ ಹಳ್ಳಿಗಳಿಗೆ ಕಳುಹಿಸುವ ಕ್ರಮವನ್ನು ಅವರು ಬಲಪಡಿಸಿದರು. ಅವರ ಪತ್ನಿಯರಿಗೂ ಶಿಕ್ಷಣ ದೊರೆಯಿತೆಂಬುದು ಗಮನಾರ್ಹ. ಹೀಗೆ ಕಲಿತು ಹೋದ ಉಪದೇಶಕ ಹಳ್ಳಿಯಲ್ಲಿ ಬರಿಯ ಧರ್ಮಬೋಧಕನಾಗಿ ಉಳಿಯಲಿಲ್ಲ. ಮಕ್ಕಳಿಗೆ ಅಕ್ಷರ ಕಲಿಸುವವನೂ, ಅರ್ಜಿ ಬರೆದುಕೊಡುವವನೂ, ರೋಗಿಗಳಿಗೆ ಆಸ್ಪತ್ರೆಯ ದಾರಿ ತೋರುವವನೂ ಆದನು. ಸಾಮಾನ್ಯನೂ ಬೋಧಕನಾಗಬಹುದೆಂಬ ವೆಸ್ಲಿಯ ತತ್ತ್ವ ತೆಲಂಗಾಣದ ನೆಲದಲ್ಲಿ ಪಡೆದ ರೂಪವಿದು.

ಈ ಮಿಷನ್ನಿನತ್ತ ದೊಡ್ಡ ಸಂಖ್ಯೆಯಲ್ಲಿ ಬಂದವರು ಮಾಲ ಮತ್ತು ಮಾದಿಗ ಸಮುದಾಯದವರು. ಊರಾಚೆಯ ಕೇರಿಗಳಲ್ಲಿ ಬಾಳುತ್ತ, ಬಿಟ್ಟಿ ದುಡಿಮೆಗೆ ಒಳಗಾಗಿದ್ದ ಈ ಜನ ಒಬ್ಬೊಬ್ಬರಾಗಿ ಬರಲಿಲ್ಲ. ಕುಟುಂಬಗಳಾಗಿ, ಕೆಲವೊಮ್ಮೆ ಕೇರಿಗೆ ಕೇರಿಯೇ ಬಂದರು. ಇದಕ್ಕೆ ಅಂದೂ ಟೀಕೆಯಿತ್ತು, ಇಂದೂ ಇದೆ. ಹಸಿದವರಿಗೆ ಅನ್ನ ತೋರಿಸಿ ಮತಾಂತರ ಮಾಡಲಾಯಿತೆಂಬುದು ಆ ಟೀಕೆಯ ಸಾರ. ಈ ಪ್ರಶ್ನೆಯನ್ನು ತಳ್ಳಿಹಾಕುವುದು ಚರಿತ್ರೆಗೆ ಅಪಚಾರ. ಆದರೆ ಅನ್ನವೊಂದರಿಂದಲೇ ಎಲ್ಲವನ್ನೂ ವಿವರಿಸಿದರೆ, ಹೀಗೆ ಬಂದವರಿಗೆ ಸ್ವಂತ ವಿವೇಚನೆಯೇ ಇರಲಿಲ್ಲವೆಂದು ತೀರ್ಮಾನಿಸಿದಂತಾಗುತ್ತದೆ. ಅಕ್ಷರ, ಸ್ವಂತ ಹೆಸರಿನ ಗೌರವ, ಇತರರೊಡನೆ ಒಂದೇ ಚಾಪೆಯ ಮೇಲೆ ಕೂರುವ ಅವಕಾಶ ಇವು ಅನ್ನಕ್ಕಿಂತ ಕಡಮೆಯ ಆಕರ್ಷಣೆಗಳಾಗಿರಲಿಲ್ಲ.

ಹೊಸ ಆಲಯದ ಕಟ್ಟಡ ಆರಂಭವಾದದ್ದು 1914ರಲ್ಲಿ. ಮೊದಲನೆಯ ಮಹಾಯುದ್ಧ ಆರಂಭವಾದ ವರ್ಷವೂ ಅದೇ. ಯುದ್ಧದಿಂದ ಬೆಲೆಗಳು ಏರಿದವು. 1918ರಲ್ಲಿ ಮುಂಗಾರು ಕೈಕೊಟ್ಟಿತು. ಅದೇ ವರ್ಷ ಬಂದ ಇನ್ಫ್ಲುಯೆಂಜಾ ಮಹಾಮಾರಿ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರನ್ನು ಬಲಿತೆಗೆದುಕೊಂಡಿತು. ದಖನ್ನಿನ ಒಣಭೂಮಿಯಲ್ಲಿ ಮಳೆಯನ್ನೇ ನಂಬಿದ್ದ ಕೂಲಿಕಾರರಿಗೆ ಹೊಲದ ಕೆಲಸ ತಪ್ಪಿತೆಂದರೆ ಊಟವೇ ತಪ್ಪಿದಂತೆ. 1899–1900ರ ಭೀಕರ ಬರಗಾಲವನ್ನು ಮೇದಕ್‌ನಲ್ಲಿದ್ದು ಕಂಡಿದ್ದ ಪಾಸ್ನೆಟ್ಟರಿಗೆ ಇದರ ಪರಿಣಾಮ ಗೊತ್ತಿತ್ತು.

ಅವರು ಹಿಡಿದ ದಾರಿ ಗಂಜಿಕೇಂದ್ರದ್ದಲ್ಲ, ದುಡಿಮೆಯದು. ಬಂದವರಿಗೆ ಕಟ್ಟಡದ ಕೆಲಸವನ್ನು ಕೊಟ್ಟು, ಅದಕ್ಕೆ ಪ್ರತಿಯಾಗಿ ಆಹಾರವನ್ನು ಒದಗಿಸಲಾಯಿತು. ಕಲ್ಲು ಒಡೆಯುವುದು, ಹೊರುವುದು, ಕೆತ್ತುವುದು, ಗಾರೆ ಅರೆಯುವುದು, ನೀರು ಹೊತ್ತು ತರುವುದು, ಹೀಗೆ ಕಟ್ಟಡವೊಂದರಲ್ಲಿ ಗಂಡಸರಿಗೂ ಹೆಂಗಸರಿಗೂ ಒಗ್ಗುವ ಕೆಲಸಗಳು ನೂರಾರು. ದಾನವಾಗಿ ಪಡೆದ ಊಟದಲ್ಲಿ ಇರುವ ದೈನ್ಯ ದುಡಿದು ಪಡೆದ ಊಟದಲ್ಲಿರುವುದಿಲ್ಲ. ಕೆಲಸ ಬೇಗ ಮುಗಿಯದಿರುವುದೇ ಇಂಥ ಯೋಜನೆಯ ಗುಣ. ಕಟ್ಟಡ 10 ವರ್ಷ ನಡೆಯಿತು. ಬರಗಾಲದಲ್ಲಿ ಕೆರೆಕಟ್ಟೆಗಳನ್ನು ಕಟ್ಟಿಸಿ ಜನರನ್ನು ಬದುಕಿಸಿದ ಅರಸರ ಮತ್ತು ಶ್ರೀಮಂತರ ಕಥೆಗಳು ನಮ್ಮ ನಾಡಿಗೆ ಹೊಸವಲ್ಲ. ಪಾಸ್ನೆಟ್ಟರು ತಿಳಿದೋ ತಿಳಿಯದೆಯೋ ಆ ಹಳೆಯ ಪರಂಪರೆಗೇ ಸೇರಿದರು. ಕೆರೆಯ ಬದಲು ಆಲಯವನ್ನೇಕೆ ಕಟ್ಟಬೇಕಿತ್ತೆಂಬ ಪ್ರಶ್ನೆಯೂ ಏಳಬಹುದು. ಅವರಿಗೆ ಹಸಿವೆಯೆಂಬುದು ಹೊಟ್ಟೆಯದಷ್ಟೇ ಆಗಿರಲಿಲ್ಲವೆಂಬುದೇ ಅದಕ್ಕೆ ಉತ್ತರವಾಗಬಲ್ಲದು. ಈ ಉತ್ತರವನ್ನು ಒಪ್ಪುವುದು ಬಿಡುವುದು ಓದುಗರ ವಿವೇಚನೆಗೆ ಬಿಟ್ಟದ್ದು.

1924ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನ, ಆಲಯವನ್ನು ಪ್ರತಿಷ್ಠಾಪಿಸಲಾಯಿತು. ಅದರ ವಿನ್ಯಾಸಕರು ಇಂಗ್ಲೆಂಡಿನ ವಾಸ್ತುಶಿಲ್ಪಿ ಬ್ರಾಡ್‌ಶಾ. ಶಿಲುಬೆಯ ಆಕಾರದ ತಳವಿನ್ಯಾಸ, ಗಾಥಿಕ್ ಶೈಲಿ, 200 ಅಡಿ ಉದ್ದ, 100 ಅಡಿ ಅಗಲ, ಸುಮಾರು 175 ಅಡಿ ಎತ್ತರದ ಗೋಪುರ. ವಿನ್ಯಾಸ ಆಂಗ್ಲರದು, ನೆಲಹಾಸಿನ ಬಣ್ಣದ ಬಿಲ್ಲೆಗಳು ಹಡಗಿನಲ್ಲಿ ಬಂದವು. ಕಲ್ಲು ಮಾತ್ರ ಈ ನೆಲದ್ದು, ದುಡಿಮೆ ಈ ನೆಲದ ಜನರದು. ಊರಿನ ದೇವಸ್ಥಾನಗಳ ಹೊಸ್ತಿಲು ದಾಟಲು ಯಾರಿಗೆ ಅವಕಾಶವಿರಲಿಲ್ಲವೋ ಅವರೇ ಹೊತ್ತ ಕಲ್ಲುಗಳಿಂದ ಆದ ಆಲಯದೊಳಕ್ಕೆ ಅವರೇ ಮೊದಲಿಗರಾಗಿ ಪ್ರವೇಶಿಸಿದರು. ಬಯಲಿನ ಪಂಥಕ್ಕೂ ಬೃಹದಾಲಯಕ್ಕೂ ಇರುವ ವಿರೋಧ ಈ ಬಿಂದುವಿನಲ್ಲಿ ಕರಗುತ್ತದೆ.

ಪಾಸ್ನೆಟ್ಟರು ಹೈದರಾಬಾದ್ ಮಿಷನ್ ಪ್ರಾಂತದ ಅಧ್ಯಕ್ಷರೂ ಆಗಿದ್ದರು. ಇದೇ ಮಿಷನ್ನಿನ ಆಶ್ರಯದಲ್ಲಿ ನಿಜಾಮಾಬಾದಿನ ಬಳಿಯ ಡಿಚ್‌ಪಲ್ಲಿಯಲ್ಲಿ ಡಾಕ್ಟರ್ ಇಸಬೆಲ್ ಕೆರ್ ಮತ್ತು ಅವರ ಪತಿ ಜಾರ್ಜ್ ಕೆರ್ ಕುಷ್ಠರೋಗಿಗಳ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿದರು. ಸಮಾಜ ಹೊರಗಿಟ್ಟವರಿಗೆ ಒಂದು ನೆಲೆ ಕಲ್ಪಿಸುವ ಅದೇ ಆಶಯವನ್ನು ಅಲ್ಲಿಯೂ ಕಾಣಬಹುದು.

ಕನ್ನಡ ಓದುಗರಿಗೆ ಈ ಪ್ರದೇಶ ದೂರದ್ದಲ್ಲ. ಬೀದರ್ ಜಿಲ್ಲೆಯನ್ನು ಹಾದುಬರುವ ಮಾಂಜರಾ ನದಿಯೇ ಮೇದಕ್ ಸೀಮೆಯಲ್ಲಿಯೂ ಹರಿಯುತ್ತದೆ. ಇಂದು ತೆಲಂಗಾಣದಲ್ಲಿರುವ ಜಹೀರಾಬಾದ್ ಮತ್ತು ನಾರಾಯಣಖೇಡ್ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಬೀದರಿನಲ್ಲಿ ಕೆಲಸ ಮಾಡಿದ್ದು ಅಮೆರಿಕದ ಮೆಥಡಿಸ್ಟ್ ಮಿಷನ್. ಮೇದಕ್‌ನದು ಇಂಗ್ಲೆಂಡಿನ ವೆಸ್ಲಿಯನ್ ಶಾಖೆ. ಮೂಲ ಒಂದೇ ಆದರೂ 1947ರಲ್ಲಿ ಹಾದಿಗಳು ಬೇರೆಯಾದವು. ಆ ವರ್ಷದ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಸಭೆಗಳು ಒಂದುಗೂಡಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಮೇದಕ್ ಅದರಲ್ಲಿ ಸೇರಿತು. ಬೀದರಿನ ಮೆಥಡಿಸ್ಟರು ಪ್ರತ್ಯೇಕವಾಗಿಯೇ ಉಳಿದರು. ಪ್ರಾದೇಶಿಕ ಸಮುದಾಯಗಳ ಚರಿತ್ರೆಯನ್ನು ಅಭ್ಯಸಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಪಾಸ್ನೆಟ್ಟರು 1939ರಲ್ಲಿ ನಿವೃತ್ತರಾಗಿ ಮೇದಕ್‌ನಿಂದ ಹೊರಟರು. ಆಲಯದ ಮೂರು ಬಣ್ಣದ ಗಾಜಿನ ಕಿಟಕಿಗಳಲ್ಲಿ ಸ್ವರ್ಗಾರೋಹಣದ ಚಿತ್ರವುಳ್ಳದ್ದು ಮಾತ್ರ ಅವರ ಸೇವಾವಧಿಯಲ್ಲಿ, 1927ರಲ್ಲಿ, ಬಂದಿತು. ಜನನದ ಚಿತ್ರವುಳ್ಳದ್ದು 1947ರಲ್ಲಿ, ಶಿಲುಬೆಯ ಚಿತ್ರವುಳ್ಳದ್ದು 1958ರಲ್ಲಿ ಸೇರಿದವು. ಹಗಲ ಬೆಳಕು ಹಾದಾಗ ಮಾತ್ರ ಈ ಚಿತ್ರಗಳು ಕಾಣಿಸುತ್ತವೆ. ಇರುಳಿನಲ್ಲಿ ಅವು ಕಪ್ಪು ಗಾಜುಗಳು.

1950ರಲ್ಲಿ ಪಾಸ್ನೆಟ್ಟರು ತೀರಿಕೊಂಡರು. ಅದೇ ವರ್ಷ ಹೊರಟ ರಾಷ್ಟ್ರಪತಿಗಳ ಆದೇಶವೊಂದು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. ಮುಂದೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ವಿಸ್ತರಿಸಲಿಲ್ಲ. ಮೇದಕ್‌ನ ಕಲ್ಲು ಹೊತ್ತವರ ಮಕ್ಕಳು ಮೊಮ್ಮಕ್ಕಳು ಹೀಗೆ ಹೊಸದೊಂದು ಹೊಸ್ತಿಲಿನ ಹೊರಗೆ ನಿಲ್ಲಬೇಕಾಯಿತು. ಆಲಯದ ಬಾಗಿಲು ತೆರೆದ ಮಾತ್ರಕ್ಕೆ ಕೇರಿಯ ಗೋಡೆ ಬೀಳಲಿಲ್ಲ. ಪಂಥದ ಒಳಗೂ ಜಾತಿಯ ನೆರಳು ಪೂರ್ತಿಯಾಗಿ ಅಳಿಯಲಿಲ್ಲ. ಪಾಸ್ನೆಟ್ಟರ ಕಾರ್ಯದ ಮಿತಿಯಾಗಿ ಇದನ್ನು ಒಪ್ಪಿಕೊಳ್ಳಲೇಬೇಕು.

ಪಾಸ್ನೆಟ್ಟರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಅವರೊಡನೆ 10 ವರ್ಷ ದುಡಿದ ಕೂಲಿಕಾರರ ಹೆಸರುಗಳು, ಅಕ್ಷರ ಹೊತ್ತು ಹಳ್ಳಿಗಳಿಗೆ ನಡೆದುಹೋದ ಉಪದೇಶಕರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ. ಅಷ್ಟಾದರೂ ಒಂದು ಮಾತು ನಿಜ. ಬರದ ದಿನಗಳಲ್ಲಿ ಆ ಊರಿಗೆ ಬಂದವರು ಅನ್ನದ ಅಗುಳನ್ನು ಬೇಡಿ ಪಡೆಯಲಿಲ್ಲ, ದುಡಿದು ಪಡೆದರು. ದುಡಿದು ಕಟ್ಟಿದ್ದನ್ನು ತಮ್ಮದೆಂದು ಕರೆಯುವ ಹಕ್ಕನ್ನೂ ಪಡೆದರು. ಮೇದಕ್‌ನ ಆಲಯದ ಚರಿತ್ರೆಯನ್ನು ಗೋಪುರದ ಎತ್ತರದಿಂದ ಅಳೆಯುವುದಕ್ಕಿಂತ ಈ ಹಕ್ಕಿನಿಂದ ಅಳೆಯುವುದೇ ನ್ಯಾಯ.