ಮಣ್ಣೊಳಗಿನ ನೀರಿನ ಬಲವನ್ನರಿತ ಕಾರ್ಲ್ ಟೆರ್ಜಾಗಿ

2019ರ ಅಕ್ಟೋಬರಿನ ಮಳೆಯಲ್ಲಿ ಗೋಕಾಕದ ಗುಡ್ಡದ ಬಂಡೆಗಳು ಊರ ಮೇಲೆ ಉರುಳುವ ಭೀತಿಯುಂಟಾದುದನ್ನು ಮೂಡಲಗಿ ಸೀಮೆಯವರು ಬಲ್ಲರು. ಹಿಂದಿನ ವರ್ಷದ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳೇ ಕುಸಿದು ಮನೆ, ತೋಟಗಳು ಮಣ್ಣುಪಾಲಾಗಿದ್ದವು. ಮಳೆಗೆ ಗುಡ್ಡದ ಮಣ್ಣು ಏಕೆ ಜಾರುತ್ತದೆಂಬುದಕ್ಕೆ ಶಾಸ್ತ್ರೀಯ ತಳಹದಿ ಹಾಕಿದವರು ಕಾರ್ಲ್ ಟೆರ್ಜಾಗಿಯವರು.

1883ರಲ್ಲಿ ಪ್ರಾಗ್ ನಗರದಲ್ಲಿ ಜನಿಸಿದ ಅವರು ಗ್ರಾಜ್‌ನಲ್ಲಿ ಯಂತ್ರಶಾಸ್ತ್ರವನ್ನು ಕಲಿತರೂ ಮನಸ್ಸು ಮಣ್ಣಿಗೆ ಒಲಿಯಿತು. 1916ರಲ್ಲಿ ಅಧ್ಯಾಪಕರಾಗಿ ಇಸ್ತಾಂಬುಲಿಗೆ ಹೋದರು. ಯುದ್ಧ ಮುಗಿದು ಆ ಹುದ್ದೆ ತಪ್ಪಿದಾಗ ಅಲ್ಲಿಯ ರಾಬರ್ಟ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಕೈಗೆ ಸಿಕ್ಕ ಸಾಮಾನುಗಳಿಂದಲೇ ಉಪಕರಣಗಳನ್ನು ರಚಿಸಿಕೊಂಡು ಜೇಡಿಮಣ್ಣನ್ನು ಪರೀಕ್ಷಿಸಿದರು. ಪ್ರಯೋಗಶಾಲೆ ಬಡವಾಗಿದೆಯೆಂದು ಕೊರಗುವ ಅಧ್ಯಾಪಕರು ಇದನ್ನು ಗಮನಿಸಬೇಕು.

ಮೇಲಿನ ಭಾರವನ್ನು ಮಣ್ಣಿನ ಕಣಗಳೂ ಅವುಗಳ ಸಂದಿನ ನೀರೂ ಹಂಚಿಕೊಂಡು ಹೊರುತ್ತವೆ. ಗುಡ್ಡವನ್ನು ಹಿಡಿದು ನಿಲ್ಲಿಸುವ ಘರ್ಷಣೆಯಾದರೋ ಕಣವು ಕಣವನ್ನು ಒತ್ತುವುದರಿಂದಲೇ ಹುಟ್ಟುತ್ತದೆ. ಮಳೆಯಿಂದ ಅಂತರ್ಜಲವೇರಿ ನೀರಿನ ಒತ್ತಡ ಹೆಚ್ಚಿದಷ್ಟೂ ಕಣಗಳ ಹಿಡಿತ ಸಡಿಲುತ್ತದೆ. ಈ ತತ್ತ್ವವನ್ನು ಆಧರಿಸಿದ ಅವರ ಮಹಾಗ್ರಂಥವು 1925ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು. ನೀರು ಎಣ್ಣೆಯಂತೆ ಮಣ್ಣನ್ನು ಜಾರಿಸುತ್ತದೆಂಬ ರೂಢಿಯ ನಂಬಿಕೆಯನ್ನು 1950ರ ಪ್ರಬಂಧವೊಂದರಲ್ಲಿ ಅವರು ಅಲ್ಲಗಳೆದರು. ರೋಗ ಒತ್ತಡದಲ್ಲಿರುವುದರಿಂದ ಚಿಕಿತ್ಸೆಯೂ ಅಲ್ಲಿಯೇ: ಇಳಿಜಾರಿನ ಮೇಲೆ ಕಾಲುವೆ ತೋಡಿ ಮಳೆನೀರನ್ನು ತಿರುಗಿಸಬೇಕು; ಗುಡ್ಡದೊಳಕ್ಕೆ ಅಡ್ಡಲಾಗಿ ರಂಧ್ರ ಕೊರೆದು, ಕೊಳವೆಯಿಟ್ಟು ಒಳನೀರನ್ನು ಹೊರಹರಿಸಬೇಕು. ನೀರಿಗೆ ದಾರಿ ಬಿಡದೆ ಕಟ್ಟಿದ ಗೋಡೆಯು ಎಷ್ಟು ದಪ್ಪವಿದ್ದರೂ ಅದರ ಹಿಂದೆ ಒತ್ತಡ ಬೆಳೆಯುತ್ತಲೇ ಇರುತ್ತದೆ. ಕೊಳವೆಯ ಬಾಯಿ ಹೂಳಿನಿಂದ ಮುಚ್ಚಿದರೂ ಅದೇ ಗತಿ.

1938ರಲ್ಲಿ ಅಮೆರಿಕೆಗೆ ತೆರಳಿ ಹಾರ್ವರ್ಡಿನಲ್ಲಿ ಬೋಧಿಸಿದ ಟೆರ್ಜಾಗಿಯವರು 1963ರಲ್ಲಿ ಕಾಲವಾದರು. ಕೆನಡಾದಲ್ಲಿ ಅವರು ರೂಪಿಸಿದ ಮಿಶನ್ ಅಣೆಕಟ್ಟಿಗೆ 1965ರಲ್ಲಿ ಅವರ ಹೆಸರನ್ನೇ ಇಡಲಾಯಿತು.